ಬ್ಯಾಟರಿ ಅಂಗಡಿಯ ಹಿಂದಿನ ಬಾವಿ

ಹರಿಹರದ ನಮ್ಮ ಮನೆಯಲ್ಲಿ ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಸಂಸಾರ. ನಡುವೆ ಗೋಡೆ ಇರಲಿಲ್ಲ, ಒಂದು ದಪ್ಪ ಗೋಣಿಪರದೆ ಇತ್ತು. ಪರದೆಯ ಆಚೆ ಅಪ್ಪನ ಬ್ಯಾಟರಿಗಳು ಕಟ್ಟೆಯ ಮೇಲೆ ಸಾಲಾಗಿ ಕೂತು ಚಾರ್ಜ್ ಆಗುತ್ತಿದ್ದವು; ಈಚೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತರೆ ಆಚೆಯಿಂದ ಆ್ಯಸಿಡ್ ಗುಳುಗುಳು ಎನ್ನುವುದು ಕೇಳುತ್ತಿತ್ತು. ಗಂಟಲಿನ ಹಿಂದೆ ಹಿಡಿದುಕೊಳ್ಳುವ ಒಂದು ಹುಳಿ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೂ ಅಂಟಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ನನಗೆ ಯಾಕೆಂದು ತಿಳಿಯುತ್ತಿರಲಿಲ್ಲ. ಎಲ್ಲರ ಮನೆಯೂ ಹಾಗೇ ವಾಸನೆ ಬರುತ್ತದೆ ಎಂದುಕೊಂಡಿದ್ದೆ.

ಅಪ್ಪನ ಹೆಸರು ರುದ್ರಪ್ಪ. ಆದರೆ ಆ ಹೆಸರು ಹಿಡಿದು ಕೇಳಿದರೆ ನಮ್ಮ ಓಣಿಯವರೇ ತಡವರಿಸುತ್ತಿದ್ದರು. ಬ್ಯಾಟ್ರಿ ರುದ್ರಣ್ಣ ಎಂದರೆ ಮಲೆಬೆನ್ನೂರಿನವರೆಗೂ ಗೊತ್ತಿತ್ತು. ನಾಟಿಯ ಕಾಲ ಬಂತೆಂದರೆ ಅಲ್ಲಿನ ಟ್ರ್ಯಾಕ್ಟರುಗಳ ಸತ್ತ ಬ್ಯಾಟರಿಗಳೆಲ್ಲ ಬಸ್ಸಿನ ಮೇಲೆ, ಬೈಕಿನ ಹಿಂದೆ ಬಂದು ನಮ್ಮ ಬಾಗಿಲಿಗೆ ಬೀಳುತ್ತಿದ್ದವು. ಅಪ್ಪ ಮೀಟರು ಹಿಡಿಯುವ ಮೊದಲೇ ಮುಚ್ಚಳ ಬಿಚ್ಚಿ, ಕಿವಿ ಇಟ್ಟು, ಮೂಸಿ, ಇದು ಉಳಿಯುತ್ತದೆ, ಇದು ಉಳಿಯುವುದಿಲ್ಲ ಎಂದುಬಿಡುತ್ತಿದ್ದ. ಉಳಿಯುವುದನ್ನು ಬೋರಲು ಹಾಕಿ ಹಳೆಯ ಆ್ಯಸಿಡ್ ಚೆಲ್ಲಿ, ತೊಳೆದು, ಸೀಸದ ಪ್ಲೇಟುಗಳನ್ನು ಬದಲಿಸಿ, ಹೊಸ ಆ್ಯಸಿಡ್ ತುಂಬುತ್ತಿದ್ದ. ಅಂಗಡಿಯ ನೆಲ ಒಂದು ಮೂಲೆಗೆ ಇಳಿಜಾರಾಗಿತ್ತು. ಅಲ್ಲಿ ಒಂದು ತೂತು. ತೊಳೆದದ್ದು ಚೆಲ್ಲಿದ್ದು ಎಲ್ಲವೂ ಆ ತೂತಿನಲ್ಲಿ ಇಳಿದು, ಅಪ್ಪ ತನ್ನ ಕೈಯಾರೆ ಹೂತ ಮಣ್ಣಿನ ಪೈಪಿನ ಮೂಲಕ ಹಿತ್ತಲ ತುದಿಯ ಇಂಗುಗುಂಡಿಗೆ ಹೋಗುತ್ತಿತ್ತು. ಆ ಪೈಪಿನ ಬಗ್ಗೆ ಅವನಿಗೆ ಬಹಳ ಅಭಿಮಾನ. ಬೇರೆ ಅಂಗಡಿಯವರು ರಸ್ತೆಗೇ ಚೆಲ್ಲುತ್ತಾರೆ, ನನ್ನದು ನೋಡಿ, ಒಂದು ಹನಿ ಹೊರಗೆ ಕಾಣುವುದಿಲ್ಲ ಎನ್ನುತ್ತಿದ್ದ.

ಇನ್ನೊಂದು ಅಭಿಮಾನ ಬ್ಯಾಟರಿಗೆ ಹಾಕುವ ಶುದ್ಧ ನೀರಿನದು. ದಾವಣಗೆರೆಯಿಂದ ಕ್ಯಾನಿನಲ್ಲಿ ತರಿಸಿದ ಆ ನೀರನ್ನು ಅವನು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದ. ನಾವು ಯಾರೂ ಮುಟ್ಟುವಂತಿರಲಿಲ್ಲ. ಒಂದು ದಿನ ಅಜ್ಜಿ, ಅಂದರೆ ಅಪ್ಪನ ತಾಯಿ, ಅದರಿಂದ ಒಂದು ತಂಬಿಗೆ ಬಗ್ಗಿಸಿಕೊಂಡು ಲಿಂಗಪೂಜೆಗೆ ಕೂತುಬಿಟ್ಟಳು. ಅಪ್ಪ ಪರದೆ ಸರಿಸಿ ಬಂದು ತಲೆ ಮೇಲೆ ಕೈ ಹೊತ್ತ.

"ಅವ್ವಾ, ಅದು ಬ್ಯಾಟ್ರಿ ನೀರು!"

"ಗೊತ್ತೈತೆ ಬಿಡೋ. ಬಾವಿ ನೀರಿಗಿಂತ ಶುದ್ಧ ಅಂತ ನೀನೇ ದಿನಾ ಹೇಳ್ತೀಯಲ್ಲ. ಬ್ಯಾಟ್ರಿಗೆ ಬೇಕಾಗೋ ಶುದ್ಧ ಶಿವನಿಗೆ ಬ್ಯಾಡೇನು?"

ಅವ್ವ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪನೂ ಕೊನೆಗೆ ನಕ್ಕ. ನಮ್ಮ ಮನೆಯಲ್ಲಿ ಜಗಳಗಳು ಆಗ ಹೀಗೆ ಮುಗಿಯುತ್ತಿದ್ದವು.

ಹಿತ್ತಲಿನಲ್ಲಿ ಬಾವಿ ಇತ್ತು. ಜಾಗ ನಮ್ಮದಾದರೂ ನೀರು ಆರು ಮನೆಗಳದು. ಹಿಂದಿನ ಓಣಿಯಿಂದ ಬರಲು ಒಂದು ಸಣ್ಣ ಬಾಗಿಲು ಬಿಟ್ಟಿದ್ದೆವು. ಅದಕ್ಕೆ ಚಿಲಕವೇ ಇರಲಿಲ್ಲ. ನಲ್ಲಿ ನೀರು ನಮ್ಮ ಓಣಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಳೆ ಹತ್ತಿರವಿದ್ದುದರಿಂದ ಬಾವಿಯಲ್ಲಿ ಬೇಸಿಗೆಯಲ್ಲೂ ಸಣ್ಣ ಹಗ್ಗಕ್ಕೆ ಸಿಗುವಷ್ಟು ಮೇಲೆ ಸಿಹಿನೀರು ನಿಲ್ಲುತ್ತಿತ್ತು. ಬೆಳಗಿನ ಜಾವದಿಂದಲೇ ಬಾವಿಯ ಹಗ್ಗದ ಗಾಲಿ ಕಿರುಗುಟ್ಟಲು ಶುರುವಾಗುತ್ತಿತ್ತು. ಬಾವಿಯ ಪಕ್ಕದಲ್ಲಿ ಒಂದು ದೊಡ್ಡ ಬಟ್ಟೆ ಒಗೆಯುವ ಕಲ್ಲು. ಅದರ ಮುಂದೆ ದಿನವಿಡೀ ನಿಂತಿರುತ್ತಿದ್ದವಳು ಹಿಂದಿನ ಮನೆಯ ಹನುಮಕ್ಕ. ಬಸ್‌ಸ್ಟ್ಯಾಂಡಿನ ಎರಡು ಲಾಡ್ಜುಗಳ ಚಾದರ, ದಿಂಬಿನ ಚೀಲಗಳನ್ನು ತಂದು ಬಟ್ಟೆಸೋಡಾ ಕಲಸಿದ ನೀರಿನಲ್ಲಿ ನೆನೆಸಿ ಒಗೆದು ಕೊಡುವುದು ಅವಳ ಕೆಲಸ. ಗಂಡ ಇರಲಿಲ್ಲ, ಮೊಮ್ಮಗಳೊಬ್ಬಳನ್ನು ಸಾಕುತ್ತಿದ್ದಳು. ಬಾಯಿ ಬಹಳ ಜೋರು. ಅವಳ ಬಾಯಿಗೆ ಹೆದರಿ ಓಣಿಯ ಗಂಡಸರು ಬಾವಿಯ ಹತ್ತಿರ ಬೀಡಿ ಸೇದುತ್ತಿರಲಿಲ್ಲ.

ನೀರು ಕೆಟ್ಟದ್ದು ನಮಗೆ ಮೊದಲು ಕಂಡದ್ದು ಒಳ್ಳೆಯದರ ರೂಪದಲ್ಲಿ. ಅವ್ವ ಪ್ರತಿ ಸೋಮವಾರ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ತಾಮ್ರದ ಕೊಡ ಒಳಗಡೆ ತಾನೇ ತಾನಾಗಿ ಹೊಳೆಯತೊಡಗಿತು. ಎಂಥಾ ನೀರು ನಮ್ಮದು, ಕೊಡ ತಿಕ್ಕೋ ಕೆಲಸಾನೂ ಉಳಿಸ್ತು ಎಂದು ಅಜ್ಜಿ ಮೆಚ್ಚಿಕೊಂಡಳು. ಆಮೇಲೆ ಕೊಡದ ಕಂಠದ ಸುತ್ತ ಹಸಿರು ಗೆರೆ ಮೂಡಿತು. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ಉಳಿಯತೊಡಗಿತು. ಒಂದು ದಿನ ಚಹಾ ಒಡೆಯಿತು. ಅವ್ವ ಹಾಲಿನವಳನ್ನು ಬೈದಳು. ಮರುದಿನ ಬೇರೆಯವರ ಹಾಲು ತಂದಳು, ಅದೂ ಒಡೆಯಿತು. ಆ ದಿನಗಳಲ್ಲಿ ನನಗೆ ಆಗಾಗ ಹೊಟ್ಟೆ ಹಿಂಡಿದ ಹಾಗೆ ನೋಯುತ್ತಿತ್ತು. ಅಜ್ಜಿ ಜಂತುಹುಳ ಎಂದು ಹರಳೆಣ್ಣೆ ಕುಡಿಸಿದಳು, ಆಮೇಲೆ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ನೋವು ಹೋಗಲಿಲ್ಲ.

ಓಣಿಯಲ್ಲಿ ಎಲ್ಲರ ಮನೆಯ ಕಥೆಯೂ ಇದೇ. ಆಗ ಎದ್ದು ನಿಂತವರು ಪೋಸ್ಟ್‌ಮನ್ ಬಸಣ್ಣ. ನಿವೃತ್ತಿಯಾದ ಮೇಲೆ ಓಣಿಯ ವ್ಯವಹಾರಗಳನ್ನು ತಲೆಯ ಮೇಲೆ ಹೊತ್ತಿದ್ದ ಮನುಷ್ಯ. ಒಂದು ಭಾನುವಾರ ಅವರು ಎಲ್ಲರನ್ನೂ ಬಾವಿಯ ಸುತ್ತ ಸೇರಿಸಿದರು.

"ನೋಡ್ರಿ, ಇದ್ರಾಗ ಯೋಚ್ನೆ ಮಾಡೋದು ಏನೈತೆ? ಬಾವಿ ಬುಡದಾಗ ಕೂತು ದಿನಾ ಬಕೆಟ್ಟುಗಟ್ಲೆ ಸೋಡಾ ನೀರು ಚೆಲ್ಲೋರು ಯಾರು? ಅದು ಬಾವಿಗೆ ಇಳೀದೆ ಎಲ್ಲಿಗೆ ಹೋಗ್ತೈತೆ?"

ಹನುಮಕ್ಕ ಒದ್ದೆ ಕೈಗಳನ್ನು ಸೊಂಟಕ್ಕೆ ಒರೆಸಿಕೊಂಡು ನಿಂತಳು.

"ನಮ್ಮ ಅತ್ತೆ ಕಾಲದಿಂದ ಇದೇ ಕಲ್ಲಿನ ಮ್ಯಾಲೆ ಒಗೀತೀವಿ. ಆವಾಗ ಕೆಡದಿದ್ದು ಈಗ ಹೆಂಗೆ ಕೆಡ್ತು? ಹೇಳಪ್ಪ ರುದ್ರಣ್ಣ, ನೀನು ಇಂಥದ್ದು ತಿಳಿದೋನು."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಆ ದಿನವೂ ಅವನು ನಂಬಿದ್ದನ್ನೇ ಹೇಳಿದ.

"ಸೋಡಾ ಅಂದ್ರೆ ಖಾರ ಇರ್ತೈತೆ ಹನುಮಕ್ಕ. ಸ್ವಲ್ಪ ದಿನ ಬಿಟ್ಟು ನೋಡಾಣ."

ಅವನೂ ಬಸಣ್ಣನೂ ಹಾರೆ ಹಾಕಿ ಆ ಕಲ್ಲನ್ನು ಎಬ್ಬಿಸಿ ಉರುಳಿಸಿಕೊಂಡು ಹೋಗಿ ಓಣಿಯ ಕೊನೆಯಲ್ಲಿ ಹಾಕಿದರು. ಕಲ್ಲು ಇದ್ದ ಜಾಗದಲ್ಲಿ ಒಂದು ಒದ್ದೆ ಗುಳಿ ಉಳಿಯಿತು. ಮರುದಿನದಿಂದ ಹನುಮಕ್ಕ ಚಾದರಗಳ ಗಂಟು ಹೊತ್ತು ತುಂಗಭದ್ರೆಯ ದಂಡೆಗೆ ನಡೆಯತೊಡಗಿದಳು. ನಮ್ಮ ಹಿತ್ತಲ ಬಾಗಿಲಿನಲ್ಲಿ ಅವಳು ಮತ್ತೆ ಕಾಣಿಸಲಿಲ್ಲ. ಕುಡಿಯುವ ನೀರಿಗೆ ಮೊಮ್ಮಗಳನ್ನು ಕಳಿಸುತ್ತಿದ್ದಳು.

ನೀರು ಸುಧಾರಿಸಲಿಲ್ಲ. ಇನ್ನೂ ಕೆಟ್ಟಿತು. ಈಗ ಬಾಯಿಗೆ ಹಾಕಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಬಕೆಟ್ಟಿನ ಕಬ್ಬಿಣದ ಹಿಡಿ ತುಕ್ಕು ಹಿಡಿದು ಕೈಗೇ ಬಂತು. ಕಲ್ಲು ಹೋಗಿ ನಾಲ್ಕು ತಿಂಗಳಾದರೂ ಒಬ್ಬರೂ ಹನುಮಕ್ಕನ ಹತ್ತಿರ ಹೋಗಿ, ನಮ್ಮದು ತಪ್ಪಾಯಿತು ಎನ್ನಲಿಲ್ಲ. ಬಸಣ್ಣ, ಹಳೇ ಸೋಡಾ ಇನ್ನೂ ಮಣ್ಣಿನೊಳಗೆ ಇದೆ ಎಂದರು. ಆದರೆ ಅವ್ವ ಸುಮ್ಮನೆ ಕೂರಲಿಲ್ಲ. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಅಡುಗೆಮನೆಯಲ್ಲಿ ದಿನಾ ನಡೆಯುವುದನ್ನು ನೋಡಿ ನೋಡಿ ಅವಳಿಗೆ ಒಂದು ಲೆಕ್ಕ ಸಿಕ್ಕಿತ್ತು. ತಾಮ್ರ ಹೊಳೆಯುವುದು ಹುಳಿಗೆ. ಹಾಲು ಒಡೆಯುವುದು ಹುಳಿಗೆ. ಬೇಳೆ ಬೇಯದಿರುವುದೂ ಹುಣಸೆರಸ ಮೊದಲೇ ಬಿದ್ದರೆ. ಸೋಡಾ ಹುಳಿಯಲ್ಲ. ಹಾಗಾದರೆ ಈ ಹುಳಿ ಎಲ್ಲಿಯದು?

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಅವಳು ಕೇಳಿಯೇಬಿಟ್ಟಳು.

"ನೀವು ಚೆಲ್ಲಿದ್ದು ಎಲ್ಲಿಗೆ ಹೋಗ್ತೈತೆ?"

"ಎಲ್ಲಿಗೆ ಅಂದ್ರೆ? ಹೊರಗ ಹೋಗ್ತೈತೆ."

"ಹೊರಗ ಅಂದ್ರೆ ಎಲ್ಲಿಗೆ?"

"ಇಂಗುಗುಂಡಿಗೆ. ನಿಂಗೆ ಗೊತ್ತಿಲ್ಲೇನು? ಬಾವಿಯಿಂದ ಅಷ್ಟು ದೂರ ಐತೆ ಅದು."

"ಗುಂಡಿಯಿಂದ ಎಲ್ಲಿಗೆ ಹೋಗ್ತೈತೆ ಅಂತೀನಿ."

ಅವ್ವ ಹಲಗೆಯ ಮೇಲಿನ ಕ್ಯಾನು ಇಳಿಸಿ, ಒಂದು ಲೋಟ ಬ್ಯಾಟರಿ ನೀರು ಬಗ್ಗಿಸಿ ಅವನ ತಟ್ಟೆಯ ಪಕ್ಕ ಇಟ್ಟಳು.

"ಬ್ಯಾಟ್ರಿಗೆ ಶುದ್ಧ ನೀರು ಬೇಕು. ಒಂಚೂರು ಉಪ್ಪಿದ್ರೂ ಪ್ಲೇಟು ಹಾಳಾಗ್ತೈತೆ. ನನ್ನ ಮಗಳ ಹೊಟ್ಟೆ ಏನು, ಪ್ಲೇಟಿಗಿಂತ ಗಟ್ಟಿನಾ?"

ಅಪ್ಪ ಅರ್ಧ ಊಟಕ್ಕೇ ಎದ್ದ. ಈ ಸಲದ ಜಗಳ ನಗುವಿನಲ್ಲಿ ಮುಗಿಯಲಿಲ್ಲ. ಪರದೆಯ ಆಚೆ ಸುತ್ತಿಗೆಯ ಸದ್ದು ಸಂಜೆಯವರೆಗೂ ಬೇಕೆಂದೇ ಜೋರಾಗಿ ಕೇಳಿಸಿತು.

ಎರಡು ದಿನ ಬಿಟ್ಟು ಅವ್ವ ನನ್ನನ್ನು ಕರೆದುಕೊಂಡು ದಾವಣಗೆರೆಗೆ ಹೊರಟಳು. ನಿಜಲಿಂಗಪ್ಪ ಬಡಾವಣೆಯ ತಮ್ಮನ ಮನೆಗೆ ಹೋಗಿಬರುತ್ತೇನೆ ಎಂದು ಅಜ್ಜಿಗೆ ಹೇಳಿದಳು. ಮಾವನ ಮನೆಗೆ ಹೋದದ್ದು ನಿಜ, ಮಂಡಕ್ಕಿ ಒಗ್ಗರಣೆ ತಿಂದದ್ದೂ ನಿಜ. ಆದರೆ ಅವಳ ಚೀಲದಲ್ಲಿ ಚೆನ್ನಾಗಿ ತೊಳೆದ ಬಾಟಲಿಯೊಂದರಲ್ಲಿ ಬಾವಿಯ ನೀರಿತ್ತು. ಮಾವ ದಾರಿ ಹೇಳಿದ ಸರ್ಕಾರಿ ಪ್ರಯೋಗಾಲಯಕ್ಕೆ ನಾವಿಬ್ಬರೂ ನಡೆದುಕೊಂಡೇ ಹೋದೆವು. ಅಲ್ಲಿ ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ನೀಲಿ ಕಾಗದದ ಚೂರನ್ನು ನೀರಿಗೆ ಅದ್ದಿದಳು. ಕಾಗದ ನನ್ನ ಕಣ್ಣ ಮುಂದೆಯೇ ಕೆಂಪಾಯಿತು. ನೀರಿಗೂ ಬಾಯಿ ಇದೆ, ಕೇಳುವ ಹಾಗೆ ಕೇಳಿದರೆ ಅದು ಹೇಳುತ್ತದೆ ಎಂದು ನನಗೆ ಅನ್ನಿಸಿದ್ದು ಆ ಕ್ಷಣ. ಮುಂದೆ ಇಷ್ಟು ವರ್ಷ ನಾನೂ ಬಿಳಿ ಕೋಟು ಹಾಕಿಕೊಂಡು ಊರೂರ ನೀರಿನ ಬಾಟಲಿಗಳ ಮುಂದೆ ಕೂತದ್ದಕ್ಕೆ ಕಾರಣ ಹುಡುಕಿದರೆ ಆ ಕಾಗದದ ಚೂರೇ ಸಿಗುತ್ತದೆ.

"ಆ್ಯಸಿಡ್ ಐತಮ್ಮ ಇದ್ರಾಗ," ಎಂದಳು ಆಕೆ. "ಸೀಸಾನೂ ಇರಬೌದು, ಅದನ್ನ ಬೇರೆ ಪರೀಕ್ಷೆ ಮಾಡ್ಬೇಕು. ರಿಪೋರ್ಟು ಬರೋಗಂಟ ಯಾರೂ ಕುಡೀಬ್ಯಾಡ್ರಿ. ನಿಮ್ಮ ಬಾವಿ ಹತ್ರ ಬ್ಯಾಟ್ರಿ ಅಂಗಡಿ ಏನಾದ್ರೂ ಐತಾ?"

ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ.

"ಐತ್ರಿ," ಎಂದಳು. "ನಮ್ಮದೇ."

ಅಂದು ಸಂಜೆ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ, ಕಾಗದ ನೋಡಿ ಹೇಳುವುದು ಸುಲಭ, ರಿಪೋರ್ಟು ಬರಲಿ, ಅಲ್ಲಿಯವರೆಗೆ ಓಣಿಯಲ್ಲಿ ಬಾಯಿ ಬಿಡಬೇಡ ಎಂದ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು ಎಂದು ಈಗ ಅನ್ನಿಸುತ್ತದೆ. ಇಪ್ಪತ್ತು ವರ್ಷ ದುಡಿದು ಗಳಿಸಿದ ಹೆಸರು ಅದು. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಬೆಳಿಗ್ಗೆ ಗಾಲಿ ಕಿರುಗುಟ್ಟಿತು. ಹನುಮಕ್ಕನ ಮೊಮ್ಮಗಳು ಮೊದಲು ಬಂದಿದ್ದಳು, ಸಣ್ಣ ಬಿಂದಿಗೆ ಹಿಡಿದು. ಅವಳ ಹಿಂದೆ ಬೇರೆ ಮನೆಯ ಹೆಂಗಸರು, ಬಸಣ್ಣ. ಅವ್ವ ಅಡುಗೆಮನೆಯ ಕಿಟಕಿಯಿಂದ ಆ ಹುಡುಗಿ ಹಗ್ಗ ಬಿಡುವುದನ್ನು ನೋಡಿದಳು. ಒಲೆಯ ಮೇಲಿನ ಹಂಚು ಕೆಳಗಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ನಡೆದಳು. ಹುಡುಗಿಯ ಕೈಯಿಂದ ಹಗ್ಗ ತೆಗೆದುಕೊಂಡು ಗಾಲಿಗೆ ಸುತ್ತಿ ಗಂಟು ಹಾಕಿದಳು.

"ಯಾರೂ ಹಗ್ಗ ಬಿಡಬ್ಯಾಡ್ರಿ. ಈ ನೀರು ಕೆಡ್ಸಿದ್ದು ಹನುಮಕ್ಕ ಅಲ್ಲ, ನಾವು. ನಮ್ಮ ಅಂಗಡಿ ಆ್ಯಸಿಡ್ಡು ಇದಕ್ಕ ಇಳ್ದೈತೆ. ನಾನು ದಾವಣಗೆರೆಗೆ ಹೋಗಿ ತೋರ್ಸಿಕೊಂಡು ಬಂದೀನಿ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಎದೆ ಬಡಿದುಕೊಂಡಳು.

"ಗಂಡನ ಮಾನ ತಗೊಂಡು ಹೋಗಿ ಬಾವಿಗೆ ಹಾಕಿದ್ಯಲ್ಲೇ ಶಾಂತಾ!"

"ನಾವು ಬಾವಿಗೆ ಹಾಕಿದ್ದು ಆ್ಯಸಿಡ್ಡು ಅತ್ತೆ. ಮಾನ ಇನ್ನೂ ಐತೆ. ಅದಕ್ಕ ಹೇಳಾಕತ್ತೀನಿ."

ಅಪ್ಪ ಆ ಹೊತ್ತಿಗೆ ಪರದೆ ಸರಿಸಿ ಹಿತ್ತಲಿಗೆ ಬಂದಿದ್ದ. ಎಲ್ಲರ ಕಣ್ಣೂ ಅವನ ಮೇಲೆ. ಅವನು ಅವ್ವನನ್ನು ನೋಡಿದ, ಬಾವಿಯನ್ನು ನೋಡಿದ, ತಿರುಗಿ ಒಳಗೆ ಹೋದ. ಅಂಗಡಿಯ ಶಟರ್ ದಡದಡ ಇಳಿದ ಸದ್ದು ಕೇಳಿಸಿತು. ಮುಗಿಯಿತು, ಇನ್ನು ಅವನು ಯಾರ ಮುಖವನ್ನೂ ನೋಡುವುದಿಲ್ಲ ಎಂದುಕೊಂಡೆ. ಬಸಣ್ಣ ಕೆಮ್ಮಿದರು. ಆಗ ಹಿತ್ತಲ ಬಾಗಿಲು ಮತ್ತೆ ತೆರೆಯಿತು. ಅಪ್ಪನ ಒಂದು ಕೈಯಲ್ಲಿ ಹಾರೆ, ಹೆಗಲ ಮೇಲೆ ಗುದ್ದಲಿ, ಇನ್ನೊಂದು ಕೈಯಲ್ಲಿ ಅಡುಗೆಸೋಡಾದ ದೊಡ್ಡ ಪೊಟ್ಟಣ. ಬ್ಯಾಟರಿಯ ತುದಿಗಳಿಗೆ ಹಿಡಿದ ಆ್ಯಸಿಡ್ಡನ್ನು ತೊಳೆಯಲು ಅವನು ಇಟ್ಟುಕೊಂಡಿದ್ದ ಸೋಡಾ ಅದು. ಆ್ಯಸಿಡ್ ಇದ್ದಲ್ಲಿ ಸೋಡಾ ಬಿದ್ದರೆ ನೊರೆ ಏಳುತ್ತದೆ. ಇಲ್ಲದಿದ್ದರೆ ಸುಮ್ಮನೆ ಕೂರುತ್ತದೆ. ದಾವಣಗೆರೆಯ ಕಾಗದವನ್ನು ಅವನು ನಂಬದಿರಬಹುದು, ತನ್ನ ಸೋಡಾವನ್ನು ನಂಬದೆ ವಿಧಿಯಿರಲಿಲ್ಲ.

ಅಂಗಡಿಯ ಗೋಡೆಯ ಬುಡದಿಂದ ಅಗೆಯಲು ಶುರು ಮಾಡಿದ. ಪೈಪಿನ ಎರಡು ತುಂಡುಗಳು ಸೇರುವ ಮೊದಲ ಕೂಡು ಕಂಡಿತು. ಅದರ ಸುತ್ತಲ ಮಣ್ಣಿಗೆ ಒಂದು ಹಿಡಿ ಸೋಡಾ ಎರಚಿ ಸ್ವಲ್ಪ ಒಳ್ಳೆಯ ನೀರು ಚಿಮುಕಿಸಿದ. ಏನೂ ಆಗಲಿಲ್ಲ. ಅಪ್ಪನ ಮುಖದಲ್ಲಿ ಕಳೆ ಬಂತು. ಎರಡನೆಯ ಕೂಡು, ಅಲ್ಲೂ ಏನಿಲ್ಲ. ಅಜ್ಜಿ, ನೋಡ್ರಿ ನೋಡ್ರಿ ಎಂದಳು. ಮೂರನೆಯದರಲ್ಲಿ ಸಣ್ಣಗೆ ಗುಳ್ಳೆ ಎದ್ದವು, ಅಕ್ಕಿ ನೆನೆಹಾಕಿದ ನೀರಿನಲ್ಲಿ ಏಳುವ ಹಾಗೆ. ಅಪ್ಪ ಗುದ್ದಲಿಯ ವೇಗ ಹೆಚ್ಚಿಸಿದ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು. ಯಾರೂ ಮನೆಗೆ ಹೋಗಲಿಲ್ಲ. ಬಿಸಿಲು ಬಾವಿಕಟ್ಟೆಯ ಮೇಲೆ ಏರಿದಾಗ ಅವನು ನಾಲ್ಕನೆಯ ಕೂಡನ್ನು ತಲುಪಿದ. ಅಲ್ಲಿ ಕೂಡೇ ಇರಲಿಲ್ಲ. ಕೂಡಿಸಿದ್ದ ಸಿಮೆಂಟನ್ನು ಆ್ಯಸಿಡ್ ಪೂರ್ತಿ ತಿಂದುಹಾಕಿತ್ತು. ಎರಡು ಪೈಪುಗಳ ಬಾಯಿ ಎತ್ತೆತ್ತಲೋ ತಿರುಗಿದ್ದವು. ಅಲ್ಲಿಂದ ಬಾವಿಯ ಕಲ್ಲಿನ ಗೋಡೆಗೆ ನನ್ನ ಆಗಿನ ತೋಳಿನಷ್ಟೇ ದೂರ. ಅಪ್ಪ ಉಳಿದ ಸೋಡಾವನ್ನೆಲ್ಲ ಅಲ್ಲಿ ಸುರಿದು ನೀರು ಹಾಕಿದ. ಬುಸ್ಸೆಂದು ನೊರೆ ಉಕ್ಕಿ ಅವನ ಪಾದವನ್ನು ಮುಚ್ಚಿತು.

ಅವನು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತ.

"ನನ್ನ ಕೈಯಾರೆ ಹಾಕಿದ ಪೈಪು," ಎಂದ. ಆಮೇಲೆ ಕಲ್ಲು ಎಬ್ಬಿಸಿದ ಗುಳಿಯ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದ. "ಹನುಮಕ್ಕನ ಸೋಡಾ ನೀರು ಇಲ್ಲೇ ಇಂಗ್ತಿತ್ತು ಬಸಣ್ಣ. ನಮ್ಮ ಆ್ಯಸಿಡ್ಡನ್ನ ಅಷ್ಟಿಷ್ಟು ತಡೀತಿದ್ದದ್ದು ಅದೇ. ನಾವು ಕಲ್ಲು ತಗ್ಸಿದ್ವಿ, ಅದಕ್ಕ ನೀರು ಪೂರಾ ಕೆಟ್ಟಿದ್ದು. ಬರ್ರಿ, ನಡೀರಿ."

ಇಬ್ಬರೂ ಓಣಿಯ ಕೊನೆಗೆ ಹೋದರು. ನಾಲ್ಕು ತಿಂಗಳ ಹಿಂದೆ ಉರುಳಿಸಿಕೊಂಡು ಹೋದ ಕಲ್ಲನ್ನು ಈಗ ಏರುಮುಖವಾಗಿ ತರಬೇಕಿತ್ತು. ಉಳಿದ ಮನೆಯ ಗಂಡಸರೂ ಕೈ ಹಚ್ಚಿದರು. ಕಲ್ಲನ್ನು ಹನುಮಕ್ಕನ ಮನೆಯ ಬಾಗಿಲ ಮುಂದೆ ನಿಲ್ಲಿಸಿದಾಗ ಅವಳು ಹೊಳೆಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಅಪ್ಪ ಎಲ್ಲರ ಎದುರಿಗೆ ಕೈ ಮುಗಿದ.

"ತಪ್ಪಾತು ಹನುಮಕ್ಕ. ನಿನ್ನ ಮ್ಯಾಲೆ ಹಾಕಿದ್ದು ನನ್ನ ತಪ್ಪು. ಕಲ್ಲು ತಂದೀನಿ."

"ಕಲ್ಲು ತಂದೆ ಸರಿ. ಹೊಳೆಗಂಟ ಗಂಟು ಹೊತ್ತು ಹೊತ್ತು ನನ್ನ ಸೊಂಟ ಹೋಗೈತೆ, ಅದನ್ನೂ ತರ್ತೀಯೇನು?"

ಅಪ್ಪ ತಲೆ ತಗ್ಗಿಸಿದ. ಅವಳು ಅವನನ್ನು ಹಾಗೇ ಸ್ವಲ್ಪ ಹೊತ್ತು ನಿಲ್ಲಿಸಿದಳು. ಆಮೇಲೆ ಗಂಟು ಕೆಳಗಿಟ್ಟಳು.

"ಸುಮ್ನೆ ನಿಂತ್ರೆ ನೀರು ಸರಿ ಹೋಗ್ತೈತೇನು? ಮೊದ್ಲು ಆ ಮಣ್ಣು ತಗಿ. ನಾನು ನಿಂತು ತಗ್ಸಿದ್ರೇ ಅದು ಆಗೋದು, ನೀವು ಗಂಡಸರು ಅರ್ಧಕ್ಕೆ ಬಿಡ್ತೀರಿ."

ಅರ್ಧಕ್ಕೆ ಬಿಡಲು ಅವಳು ಬಿಡಲಿಲ್ಲ. ಪೈಪು ಹೋದ ದಾರಿಯ ಮಣ್ಣನ್ನೂ ಇಂಗುಗುಂಡಿಯ ಮಣ್ಣನ್ನೂ ಎಲ್ಲರೂ ಸೇರಿ ಅಗೆದು ಮುಚ್ಚಳದ ಡ್ರಮ್ಮುಗಳಿಗೆ ತುಂಬಿದರು. ಎಲ್ಲಿ ಇನ್ನೂ ನೊರೆ ಏಳುತ್ತದೆ ಎಂದು ನೋಡಲು ಸೋಡಾ ಎರಚುವ ಕೆಲಸವನ್ನು ಹನುಮಕ್ಕ ತಾನೇ ವಹಿಸಿಕೊಂಡಳು. ರಿಪೋರ್ಟು ಬಂತು: ಸೀಸವೂ ಇತ್ತು, ಕುಡಿಯಲು ಯೋಗ್ಯವಲ್ಲ. ಬಿಳಿ ಕೋಟಿನ ಆಕೆಯೇ ಹೇಳಿದ ಪ್ರಕಾರ, ಹಳೆಯ ಸೀಸ ಕರಗಿಸಲು ಅನುಮತಿ ಇದ್ದ ಕಾರ್ಖಾನೆಯವರ ಲಾರಿಗೆ ಆ ಡ್ರಮ್ಮುಗಳನ್ನು ಏರಿಸಿ ಕಳಿಸಿದೆವು. ಆಕೆಯ ಮಾತಿನಂತೆ ನನ್ನನ್ನೂ ಓಣಿಯ ಉಳಿದ ಮಕ್ಕಳನ್ನೂ ದೊಡ್ಡ ಆಸ್ಪತ್ರೆಗೆ ತೋರಿಸಿದರು. ಬೇರೆ ನೀರು ಕುಡಿಯತೊಡಗಿದ ಮೇಲೆ ನನ್ನ ಹೊಟ್ಟೆನೋವು ನಿಧಾನಕ್ಕೆ ಬಿಟ್ಟುಹೋಯಿತು. ಅಂಗಡಿಯ ತೂತಿಗೆ ಅಪ್ಪ ಸಿಮೆಂಟು ಹಾಕಿ ಮುಚ್ಚಿದ. ಅಂದಿನಿಂದ ಅವನು ಒಂದು ಬ್ಯಾಟರಿಯನ್ನೂ ನೆಲಕ್ಕೆ ಬೋರಲು ಹಾಕಲಿಲ್ಲ. ಹಳೆಯ ಆ್ಯಸಿಡ್ ಕ್ಯಾನಿಗೆ, ತೊಳೆದ ನೀರು ಹುಳಿ ಮುರಿಯಲು ಸುಣ್ಣದ ತೊಟ್ಟಿಗೆ, ತೊಟ್ಟಿಯ ತಳದ ಕೆಸರು ಡ್ರಮ್ಮಿಗೆ. ಸತ್ತ ಬ್ಯಾಟರಿಯನ್ನು ಬಿಚ್ಚದೆ ಇಡಿಯಾಗಿ ಕಾರ್ಖಾನೆಗೆ ಕಳಿಸುತ್ತಿದ್ದ. ಗೋಣಿಪರದೆ ಹೋಗಿ ಅಲ್ಲಿ ಗೋಡೆ ಎದ್ದಿತು. ಅಂಗಡಿಯ ಬಟ್ಟೆಯಲ್ಲಿ ಅವನು ಅಡುಗೆಮನೆಗೆ ಬರಬಾರದೆಂದು ಅವ್ವ ಕಟ್ಟಪ್ಪಣೆ ಮಾಡಿದಳು.

ಬಾವಿ ಒಂದೇ ದಿನಕ್ಕೆ ಸರಿಯಾಗಲಿಲ್ಲ. ಪಂಪು ಹಾಕಿ ಕೆಟ್ಟ ನೀರನ್ನು ಟ್ಯಾಂಕರಿಗೆ ತುಂಬಿ ಕಾರ್ಖಾನೆಗೇ ಕಳಿಸಿದರು, ತಳದ ಕೆಸರು ತೆಗೆದರು, ಹೊಸ ನೀರು ಬಂದ ಮೇಲೆ ಮತ್ತೆ ಮತ್ತೆ ಹಾಗೇ ಮಾಡಿದರು. ಅದು ಸರಿಯಾಗಲು ಹಿಡಿದ ಎರಡು ಮಳೆಗಾಲ ಆರೂ ಮನೆಗಳಿಗೆ ಕುಡಿಯುವ ನೀರು ತಂದವನು ಅಪ್ಪ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ದಿನಾ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಡ್ರಮ್ಮು ಇಟ್ಟುಕೊಂಡು ದೊಡ್ಡ ರಸ್ತೆಯ ನಲ್ಲಿಗೆ ಹೋಗಿ, ಒಂದೊಂದು ಮನೆಯ ಬಾಗಿಲಿಗೂ ಎರಡೆರಡು ಕೊಡ ಸುರಿದು, ಆಮೇಲೆ ಅಂಗಡಿ ತೆರೆಯುತ್ತಿದ್ದ. ಮೊದಲು ಹನುಮಕ್ಕನ ಮನೆಗೆ, ಕೊನೆಗೆ ನಮ್ಮ ಮನೆಗೆ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಹೋಗಲಿ ಎಂದ. ಅವನು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದ. ಆದರೆ ಊಟಕ್ಕೆ ಕೂತಾಗ ಅವ್ವನಿಗೆ, ಇವತ್ತು ತೊಟ್ಟಿಗೆ ಸುಣ್ಣ ಎಷ್ಟು ಬಿತ್ತು ಗೊತ್ತೇನು ಎಂದು ಸಣ್ಣ ಹುಡುಗನ ಹಾಗೆ ಹೇಳುತ್ತಿದ್ದ. ಅವ್ವ ಹೌದಾ ಎಂದು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಎರಡನೆಯ ಮಳೆಗಾಲ ಕಳೆದ ಮೇಲೆ ಸಾಲಾಗಿ ಮೂರು ಸಲ ಕೊಟ್ಟ ನೀರಿನ ಮೂರೂ ರಿಪೋರ್ಟುಗಳು ಕುಡಿಯಲು ಯೋಗ್ಯ ಎಂದು ಬಂದವು. ಕೊನೆಯದನ್ನು ತರಲು ಅಪ್ಪನೇ ಹೋಗಿದ್ದ. ಬಸ್ಸಿನಿಂದ ಇಳಿದವನು ಮನೆಗೆ ಬರದೆ ನೇರವಾಗಿ ಬಸಣ್ಣನ ಮನೆಗೆ ಓಡಿದ. ಬಸಣ್ಣ ಕನ್ನಡಕ ಹಾಕಿಕೊಂಡು, ಹಳೆಯ ತಂತಿ ಓದುವ ಧ್ವನಿಯಲ್ಲಿ, ಓಣಿಯ ನಡುವೆ ನಿಂತು ಅದನ್ನು ಓದಿದರು. ಹೆಂಗಸರು ಬಾವಿಕಟ್ಟೆ ತೊಳೆದು ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟರು. ಅವ್ವ ಆ ದಿನ ಹೋಳಿಗೆ ಮಾಡಿದಳು. ಬೇಳೆ ಎರಡೇ ಕುದಿಗೆ ಬೆಣ್ಣೆಯ ಹಾಗೆ ಬೆಂದಿತ್ತು. ಆರು ಮನೆಯವರೂ ನಮ್ಮ ಹಿತ್ತಲಲ್ಲೇ ಎಲೆ ಹಾಕಿಕೊಂಡು ಕೂತರು. ಸೊಸೆ ಮಾನ ಕಳೆದಳು ಎಂದು ಒಂದು ವರ್ಷ ಮುಖ ತಿರುಗಿಸಿದ್ದ ಅಜ್ಜಿ, ಅಂದು ಬಂದವರಿಗೆಲ್ಲ, ಕಂಡುಹಿಡಿದಿದ್ದು ನಮ್ಮ ಶಾಂತಾನೇ, ದಾವಣಗೆರೆಗಂಟ ಹೋಗಿ ಎಂದು ಹೇಳಿದ್ದೇ ಹೇಳಿದ್ದು.

ಅದಾದ ಒಂದು ವಾರಕ್ಕೆ ಅಪ್ಪ ನನ್ನನ್ನು ಕರೆದುಕೊಂಡು ಮಲೆಬೆನ್ನೂರಿಗೆ ಹೊರಟ. ಅಲ್ಲಿ ಒಂದು ಬ್ಯಾಟರಿ ಅಂಗಡಿ ಇತ್ತು, ಅಪ್ಪನ ಕೈಕೆಳಗೆ ಕೆಲಸ ಕಲಿತು ಹೋದ ಮಂಜಣ್ಣನದು. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಕೈಪಂಪು. ಎಲ್ಲವೂ ನಮ್ಮ ಮನೆಯ ಹಾಗೇ. ಮಂಜಣ್ಣ ಗುರುಗಳು ಬಂದರೆಂದು ಕುರ್ಚಿ ಹಾಕಿ ಕೂರಿಸಿದ. ಆದರೆ ಅಪ್ಪ ಬಂದ ವಿಷಯ ಹೇಳಿದ ಕೂಡಲೇ ನಕ್ಕುಬಿಟ್ಟ.

"ಏನ್ ರುದ್ರಣ್ಣ, ನಿಮ್ಮ ಬಾವಿ ಕೆಡ್ತು ಅಂತ ಊರಾಗಿನ ನೀರೆಲ್ಲ ಕೆಡ್ತೈತೇನು? ನಮ್ಮದು ಗಟ್ಟಿ ನೆಲ. ಹೊರಗ ಹೋಗ್ತೈತೆ ಎಲ್ಲ."

ಅಪ್ಪ ವಾದ ಮಾಡಲಿಲ್ಲ. ಜೇಬಿನಿಂದ ಸೋಡಾ ಪೊಟ್ಟಣ ತೆಗೆದು ಮಂಜಣ್ಣನ ಕೈಯಲ್ಲೇ ಇಟ್ಟ.

"ನಾನು ಹಾಕಿದ್ರೆ ನಂಬೋದಿಲ್ಲ ನೀನು. ಹಿಂದ್ಗಡೆ ಕೈಪಂಪಿನ ಹತ್ರ ಹೋಗು. ಬುಡದಾಗ ಒಂದು ಗೇಣು ಅಗಿ, ಇದನ್ನ ಹಾಕಿ ನೀರು ಬಿಡು. ನಾನು ಇಲ್ಲೇ ಕೂತಿರ್ತೀನಿ."

ಮಂಜಣ್ಣ ನಗುತ್ತಲೇ ಒಳಗೆ ಹೋದ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಎದುರಿನ ರಸ್ತೆಯನ್ನು ನೋಡುತ್ತಿದ್ದ. ಭತ್ತದ ಮೂಟೆ ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ನೊರೆ ಏಳಲಿ ಎಂದುಕೊಳ್ಳಬೇಕೋ ಏಳದಿರಲಿ ಎಂದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಹಿಂದುಗಡೆಯಿಂದ ಗುದ್ದಲಿಯ ಸದ್ದು ಕೇಳಿಸಿತು, ನಿಂತಿತು. ಆಮೇಲೆ ಮಂಜಣ್ಣನ ಧ್ವನಿ ಇಡೀ ಮನೆಗೆ ಕೇಳುವ ಹಾಗೆ ಎದ್ದಿತು.

"ಲೇ, ಕೊಡ ಕೆಳಗಿಡು! ಮಗೀಗೆ ಆ ನೀರು ಕೊಡಬ್ಯಾಡ!"

ಅವನು ಹೊರಗೆ ಬಂದಾಗ ಮೊಣಕೈವರೆಗೂ ಬಿಳಿ ನೊರೆ ಹತ್ತಿತ್ತು. ನಗು ಎಲ್ಲೂ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಅಪ್ಪನನ್ನು ನೋಡಿದ.

"ಏನ್ ಮಾಡ್ಲಿ ರುದ್ರಣ್ಣ?"

ಅಪ್ಪ ಎದ್ದು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ.

"ಪೈಪು ಎಲ್ಲೈತೆ, ತೋರ್ಸು."